ಐದನೇ ತಿರುವಿನ ಬೆರ್ಚಪ್ಪ

ಪೊಲೀಸು ಠಾಣೆಯಲ್ಲಿ ನಾನು ಮೊದಲು ಕೊಟ್ಟ ಹೇಳಿಕೆಯಲ್ಲಿ ಸುಳ್ಳು ಒಂದೂ ಇರಲಿಲ್ಲ. ಕಾರು ಎಷ್ಟು ವೇಗದಲ್ಲಿತ್ತು, ಬ್ರೇಕು ಎಲ್ಲಿ ಹಿಡಿಯಬೇಕಿತ್ತು, ಎಲ್ಲಿ ಹಿಡಿದರು, ಗಾಯಗೊಂಡವರು ಎಲ್ಲಿ ನಿಂತಿದ್ದರು, ಇವನ್ನೆಲ್ಲ ಇದ್ದಂತೆಯೇ ಹೇಳಿದ್ದೆ. ಒಂದು ವಸ್ತುವನ್ನು ಮಾತ್ರ ಬಿಟ್ಟಿದ್ದೆ. ಅದನ್ನು ಬಿಟ್ಟದ್ದರಿಂದ, ಒಬ್ಬ ಹೆಂಗಸಿನ ಕಾಲು ಹೋದ ತಪ್ಪು ಕೆ.ಆರ್. ನಗರದಲ್ಲಿ ಔಷಧಿ ಅಂಗಡಿ ನಡೆಸುವ ಇನ್ನೊಬ್ಬ ಹೆಂಗಸಿನ ಮೇಲೆ ಪೂರ್ತಿಯಾಗಿ ಬಂದು ಕುಳಿತಿತು. ಆರು ತಿಂಗಳು ಹಾಗೇ ಇತ್ತು. ಇರಲು ಬಿಟ್ಟವನು ನಾನು.

ಹುಣಸೂರಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ಡ್ರೈವಿಂಗ್ ಶಾಲೆ ನಡೆಸಿದ್ದೇನೆ. ಕಲಿಯಲು ಬರುವವರೆಲ್ಲರೂ ಮೊದಲ ವಾರ ಮಾಡುವ ತಪ್ಪು ಒಂದೇ. ಕಾರಿನ ಮೂತಿಯನ್ನೇ ನೋಡುತ್ತಾರೆ. ಮೂತಿಯ ಮುಂದಿನ ಎರಡು ಮಾರು ರಸ್ತೆಯನ್ನು ನೋಡುತ್ತಾರೆ. ಗುಂಡಿ ತಪ್ಪಿಸಬೇಕೆಂದು ಗುಂಡಿಯನ್ನೇ ನೋಡುತ್ತ ಹೋಗಿ ಅದಕ್ಕೇ ಇಳಿಸುತ್ತಾರೆ. ಕಣ್ಣು ಎಲ್ಲಿಗೋ ಕೈಯೂ ಅಲ್ಲಿಗೆ, ಕೈ ಎಲ್ಲಿಗೋ ಗಾಡಿಯೂ ಅಲ್ಲಿಗೆ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಪಕ್ಕದ ಸೀಟಿನಲ್ಲಿ ಕುಳಿತು ಕುಳಿತು ತಿಳಿದದ್ದು.

ಈ ಕಾರಣಕ್ಕೇ ನನ್ನನ್ನು ಟ್ರ್ಯಾಕಿಗೆ ಕರೆದರು. ಕಂಪಲಾಪುರದಿಂದ ಒಳಕ್ಕೆ, ಮೊದಲು ಹೊಗೆಸೊಪ್ಪು ಬೆಳೆಯುತ್ತಿದ್ದ ಜಮೀನಿನಲ್ಲಿ, ಕಾರಿನ ಹುಚ್ಚಿದ್ದ ಒಬ್ಬರು ಡಾಂಬರಿನ ಸಣ್ಣ ಟ್ರ್ಯಾಕ್ ಮಾಡಿಸಿದ್ದರು. ಏಳು ತಿರುವು. ತಿಂಗಳಿಗೆ ಎರಡು ಭಾನುವಾರ ಅಲ್ಲಿ ಜನ ತಮ್ಮದೇ ಕಾರು ತಂದು, ಹೆಲ್ಮೆಟ್ ಹಾಕಿಕೊಂಡು, ವೇಗವಾಗಿ ಓಡಿಸುವುದನ್ನು ಕ್ರಮವಾಗಿ ಕಲಿಯುತ್ತಿದ್ದರು. ರೇಸ್ ಅಲ್ಲ. ಒಬ್ಬರನ್ನೊಬ್ಬರು ಹಿಂದೆ ಹಾಕುವಂತಿರಲಿಲ್ಲ. ಹೊಸಬರಿಗೆ ಕಲಿಸುವಾಗ ಒಮ್ಮೆಗೆ ಒಂದೇ ಕಾರು. ಇಡೀ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವರು ಮೈಸೂರಿನವರು, ಹಿಂದೆ ರ‍್ಯಾಲಿಗಳಲ್ಲಿ ಓಡಿಸಿದ್ದವರು. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ತೀರಾ ಹೊಸಬರನ್ನು ಅವರು ನನಗೆ ಬಿಟ್ಟರು. 'ನಿಮಗೆ ತಾಳ್ಮೆ ಇದೆ, ನನಗಿಲ್ಲ' ಎಂದಿದ್ದರು.

ಮೇಷ್ಟರ ಕಲಿಸುವ ಕ್ರಮ ಗುರುತುಗಳ ಮೇಲೆ ನಿಂತಿತ್ತು. ಪ್ರತಿ ತಿರುವಿಗೂ ನಾಲ್ಕು ಕೋನ್. ರಸ್ತೆ ಕೆಲಸದವರು ಇಡುತ್ತಾರಲ್ಲ, ಅಂಥ ಮೊನಚು ಟೋಪಿಗಳು. ಕೆಂಪು ಪಟ್ಟಿಯ ಟೋಪಿ ಬಂದಾಗ ಬ್ರೇಕು. ಹಳದಿಯ ಹತ್ತಿರ ಸ್ಟೀರಿಂಗ್ ತಿರುಗಿಸಬೇಕು. ತಿರುವಿನ ಒಳ ಅಂಚಿನಲ್ಲಿ ಬಿಳಿ, ಕಾರು ಅದರ ಪಕ್ಕ ಸವರಿಕೊಂಡು ಹೋಗಬೇಕು. ಹಸಿರಿನ ಕಡೆಗೆ ಹೊರಬರಬೇಕು. ಒಂದು ಟೋಪಿಯನ್ನು ತಲುಪುವ ಮೊದಲೇ ಕಣ್ಣು ಮುಂದಿನದಕ್ಕೆ ಹೋಗಿರಬೇಕು ಎನ್ನುವುದೇ ಪಾಠ. ಮಧ್ಯಾಹ್ನದ ಮೇಲೆ ಒಂದೊಂದಾಗಿ ಟೋಪಿಗಳನ್ನು ತೆಗೆಸುತ್ತಿದ್ದೆವು. ಆಗ ಕಲಿಯುವವರ ಕಣ್ಣು ಡಾಂಬರಿನ ಬಿರುಕನ್ನೋ ತೇಪೆಯನ್ನೋ ತಾನೇ ಗುರುತು ಮಾಡಿಕೊಳ್ಳುತ್ತದೆ.

ಉರುಳಿದ ಟೋಪಿಗಳನ್ನು ಎತ್ತಿ ನಿಲ್ಲಿಸಲು ಪಕ್ಕದ ಹಳ್ಳಿಯಿಂದ ನಾಲ್ಕೈದು ಹೆಂಗಸರು ಬರುತ್ತಿದ್ದರು. ಬೇರೆ ದಿನಗಳಲ್ಲಿ ಅವರು ಹೊಗೆಸೊಪ್ಪು ಕೀಳುವವರು, ಒಣಗಿಸಲು ಕಡ್ಡಿಗೆ ಕಟ್ಟುವವರು. ಐದನೇ ತಿರುವು ನೋಡಿಕೊಳ್ಳುತ್ತಿದ್ದವರಿಗೆ ಐವತ್ತರ ಹತ್ತಿರ ವಯಸ್ಸು. ಟ್ರ್ಯಾಕಿನಲ್ಲಿ ಎಲ್ಲರೂ ಅವರನ್ನು ಟೋಪಿ ಅಕ್ಕ ಎನ್ನುತ್ತಿದ್ದರು. ಬಾಯಿ ಜೋರು. ದೊಡ್ಡ ಕಾರಿನವರು ಟೋಪಿ ಬೀಳಿಸಿದರೆ, 'ಏನ್ ಸಾ, ನಿಮ್ ಕಾರ್ಗೆ ಕಣ್ಣಿಲ್ವಾ? ಎರಡೆರಡು ಲೈಟ್ ಮಡಗವ್ರೆ!' ಎಂದು ಕೂಗಿ ಹೇಳುವವರು.

ಆ ಮಳೆಗಾಲ ಮುಗಿದ ಮೇಲೆ ಐದನೇ ತಿರುವಿನಲ್ಲಿ ಒಂದಾದ ಮೇಲೊಂದು ಮೂರು ಕಾರು ಹುಲ್ಲಿಗೆ ಇಳಿದವು. ಉದ್ದನೆಯ ನೇರ ದಾರಿ ಮುಗಿದು ಬಲಕ್ಕೆ ಹೊರಳುವ ತಿರುವು ಅದು. ತಿರುಗದೆ ನೇರ ಹೋದರೆ ಎದುರಿಗೆ ಸ್ವಲ್ಪ ಹುಲ್ಲು, ಅದರಾಚೆ ಎದೆಯೆತ್ತರದ ಮಣ್ಣಿನ ದಿಬ್ಬ. ಮೂರನೆಯ ಕಾರಿನವರ ಮಣಿಕಟ್ಟು ಮುರಿಯಿತು. ಕಾರಣ ನನಗೆ ಗೊತ್ತಿತ್ತು. ಮಳೆಗೆ ದಿಬ್ಬದ ಕಡೆಯಿಂದ ಜಲ್ಲಿಪುಡಿ ಹರಿದು ಡಾಂಬರಿನ ಮೇಲೆ ಕುಳಿತಿತ್ತು. ಗುಡಿಸಿದರೂ ಮತ್ತೆ ಬರುತ್ತಿತ್ತು. ಹೆಂಗಸರು ಮಾತ್ರ ಜಾಗ ಸರಿಯಿಲ್ಲ ಎಂದರು.

ಅಪಘಾತವಾದ ಭಾನುವಾರ ಮೇಷ್ಟ್ರು ಒಂದು ಮದುವೆಗೆ ಹೋಗಿದ್ದರು. ಹೊಸಬರ ತಂಡ ಪೂರ್ತಿ ನನ್ನ ಸುಪರ್ದಿನಲ್ಲಿತ್ತು. ಬೆಳಗ್ಗೆ ಟೋಪಿಗಳನ್ನು ಜೋಡಿಸುವಾಗ ಅಕ್ಕ ಸೆರಗಿನೊಳಗಿಂದ ಒಂದು ಹಳೆಯ ಮಡಕೆ ತೆಗೆದರು. ಅದಕ್ಕೆ ಸುಣ್ಣ ಬಳಿದು, ಇದ್ದಿಲಲ್ಲಿ ಕಣ್ಣು, ಮೀಸೆ, ಹಲ್ಲು ಬರೆದಿದ್ದರು. ಜೊತೆಗೆ ಅವರ ಗಂಡನ ಹಳೆಯ ಕೆಂಪು ಅಂಗಿ.

'ಏನಕ್ಕ ಇದು?'

'ಕಾಣಾಕಿಲ್ವಾ? ಬೆರ್ಚಪ್ಪ. ಇಲ್ಲಿ ಒಂದ್ ನಿಲ್ಸವ ಸಾ. ಯಾರ್ ಕಣ್ ಬಿದ್ದೈತೋ ಏನೋ ಈ ಜಾಗುಕ್ಕೆ.'

'ಮೇಷ್ಟ್ರು ಕಂಡ್ರೆ ನಗ್ತಾರೆ.'

'ನಗ್ಲಿ ಬುಡಿ. ಕೈ ಮುರ್ಕಂಡವ್ರು ನಗ್ತಾರಾ ಕೇಳಿ.'

ನಾನೂ ನಕ್ಕೆ. ಆದರೆ ಬೇಡ ಎನ್ನಲಿಲ್ಲ. ನಮ್ಮೂರಿನ ಹೊಲಗಳಲ್ಲಿ ಬೆರ್ಚಪ್ಪನಿಲ್ಲದ, ಅಂದರೆ ಬೆದರುಬೊಂಬೆಯಿಲ್ಲದ ವರ್ಷವನ್ನು ನಾನು ಕಂಡಿಲ್ಲ. ಒಳ್ಳೆಯ ಪೈರು ಬಂದಾಗ ನನ್ನ ಅಪ್ಪ ರಸ್ತೆಯ ಬದಿಗೇ ಅವನನ್ನು ನಿಲ್ಲಿಸುತ್ತಿದ್ದರು, ಮುಖ ರಸ್ತೆಯ ಕಡೆಗೆ. ಹೋಗಿಬರುವವರ ಕಣ್ಣು ಮೊದಲು ಅವನ ಮೇಲೆ ಬೀಳಬೇಕು, ಬಿದ್ದು ಅಲ್ಲೇ ನಿಲ್ಲಬೇಕು, ಪೈರಿನ ಮೇಲೆ ಹೋಗಬಾರದು. ಅದಕ್ಕೆಂದೇ ಮುಖಕ್ಕೆ ಅಷ್ಟು ಬಿಳುಪು, ಮೈಗೆ ಅಷ್ಟು ಬಣ್ಣ.

ಅಕ್ಕ ಅವನನ್ನು ತಿರುವಿನ ಹಿಂದೆ, ಬೇಲಿಯ ಹತ್ತಿರ ನಿಲ್ಲಿಸಹೊರಟಿದ್ದರು. 'ಅಲ್ಲಿದ್ರೆ ಯಾರಿಗೂ ಕಾಣಲ್ಲ, ದಿಬ್ಬದ ಮೇಲೆ ಇರಲಿ' ಎಂದವನು ನಾನು. ಗೂಟ ಹೊಡೆದವನೂ ನಾನೇ. ನೇರ ದಾರಿಯಲ್ಲಿ ಬರುವ ಕಾರುಗಳಿಗೆ ಮುಖ ಮಾಡಿ ನಿಲ್ಲಿಸಿದೆ. ಎರಡು ಹೆಜ್ಜೆ ಹಿಂದೆ ಬಂದು ನೋಡಿ, ಸ್ವಲ್ಪ ವಾಲಿದೆಯೆಂದು ಸರಿಪಡಿಸಿದೆ. ಕಣ್ಣು ಹೋದಲ್ಲಿಗೆ ಕಾರು ಹೋಗುತ್ತದೆ ಎಂದು ಆ ಬೆಳಗ್ಗೆಯೇ ಆರು ಜನರಿಗೆ ಪಾಠ ಹೇಳಿದ್ದೆ. ಈ ಪಾಠ, ಅಪ್ಪನ ಬೆರ್ಚಪ್ಪ, ಎರಡೂ ಒಂದೇ ತಲೆಯೊಳಗಿದ್ದವು. ಒಂದಕ್ಕೊಂದು ತಾಗಲಿಲ್ಲ.

ಆ ಆರು ಜನರಲ್ಲಿ ಔಷಧಿ ಅಂಗಡಿಯವರು ಒಬ್ಬರು. ಮೂವತ್ತೈದರ ಆಸುಪಾಸು. ತಮ್ಮ ಸಣ್ಣ ಬಿಳಿ ಕಾರಿನಲ್ಲಿ ಒಬ್ಬರೇ ಬಂದಿದ್ದರು. ವೇಗದ ಆಸೆಗೆ ಬಂದವರಲ್ಲ. ಹುಣಸೂರು ರಸ್ತೆಯಲ್ಲಿ ಒಮ್ಮೆ ಎದುರಿನಿಂದ ಬಸ್ಸು ಮೇಲೇ ಬಂದಾಗ ಕೈಕಾಲು ಕಲ್ಲಾಗಿ ಕುಳಿತುಬಿಟ್ಟಿದ್ದರಂತೆ. ಬಸ್ಸಿನವನೇ ಪಕ್ಕಕ್ಕೆ ಇಳಿಸಿದ್ದ.

'ಹೆದ್ರಿಕೆ ಹೋಗ್ಬೇಕು ಸಾರ್, ಅಷ್ಟೇ' ಎಂದರು. 'ಕಾರ್ ಬಿಡಕ್ಕಾಗಲ್ಲ. ಅಮ್ಮನ್ನ ವಾರಕ್ಕೆ ಎರಡ್ ಸಲ ಮೈಸೂರಿಗೆ ಡಯಾಲಿಸಿಸ್ಸಿಗೆ ಕರ್ಕೊಂಡು ಹೋಗ್ಬೇಕು.'

ಚೆನ್ನಾಗಿ ಕಲಿತರು. ಟೋಪಿಯ ಬಣ್ಣವನ್ನು ಬಾಯಲ್ಲಿ ಹೇಳಿಕೊಂಡೇ ಓಡಿಸುತ್ತಿದ್ದರು. ಕೆಂಪು, ಹಳದಿ, ಬಿಳಿ, ಹಸಿರು. ಅಂಗಡಿಯಲ್ಲಿ ಮಾತ್ರೆ ಎಣಿಸುವ ಹಾಗೆ. ಊಟದ ಹೊತ್ತಿಗೆ ಟೋಪಿ ಅಕ್ಕ ಅವರಿಗೆ ಮಾತ್ರೆ ಮೇಡಂ ಎಂದು ಹೆಸರಿಟ್ಟಾಗಿತ್ತು. 'ಮಾತ್ರೆ ಮೇಡಂ ಒಬ್ರೇ ಕಣ್ರೀ ನನ್ ಟೋಪಿ ಬೀಳುಸ್ದೆ ಇರೋರು. ನನ್ ಸೊಂಟ ಉಳುಸುದ್ರು' ಎಂದರು. ಮಾತ್ರೆ ಮೇಡಂ ತಮ್ಮ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ಅವರಿಗೆ ಹಾಕಿದರು. ಅವರಿಬ್ಬರು ಒಟ್ಟಿಗೆ ಕುಳಿತು ಉಂಡರೆಂದು ನನ್ನ ಮೊದಲ ಹೇಳಿಕೆಯಲ್ಲಿ ಇರಲಿಲ್ಲ. ಯಾರೂ ಕೇಳಿರಲಿಲ್ಲ.

ಬೆಳಗ್ಗೆಯಿಂದ ಐದನೇ ತಿರುವಿನಲ್ಲಿ ಯಾರೂ ಜಾರಿರಲಿಲ್ಲ. ಬೆರ್ಚಪ್ಪನ ಕೆಲಸ ಅದು ಎಂದು ಅಕ್ಕ ಬೀಗಿದರು. ಊಟದ ಮೇಲೆ ನಾನು ಆ ತಿರುವಿನ ಹಳದಿ ಟೋಪಿ ತೆಗೆಸಿದೆ.

ಮುಂದಿನದನ್ನು ನಿಧಾನವಾಗಿ ಬರೆಯಬೇಕು.

ಮಾತ್ರೆ ಮೇಡಂ ಎರಡು ಸುತ್ತು ಹೋಗಿಬಂದರು. ನಾನು ಅವರ ಎಡಗಡೆಯ ಸೀಟಿನಲ್ಲಿದ್ದೆ. ಎರಡನೇ ಸುತ್ತು ಮುಗಿದಾಗ ಕಾರನ್ನು ಶೆಡ್ಡಿನ ಮುಂದೆ ನಿಲ್ಲಿಸಲು ಹೇಳಿದೆ. ಹಳದಿ ಇಲ್ಲದ ಕಡೆ ಏನನ್ನು ನೋಡಬೇಕೆಂದು ವಿವರಿಸಿದೆ. ಡಾಂಬರಿನಲ್ಲಿ ಅಂಗೈ ಅಗಲದ ಕಪ್ಪು ತೇಪೆ ಇತ್ತು, ಅದನ್ನು ನೋಡಿ ಎಂದೆ. ಎಂಜಿನ್ ಆರಿಸಿದ್ದೆವು. ಮಾತು ಐದು ನಿಮಿಷ ಹಿಡಿದಿರಬೇಕು. ಅದರೊಳಗೆ ಗಾಳಿ ಬೀಸಿ ಬೆರ್ಚಪ್ಪ ಪಕ್ಕಕ್ಕೆ ಹೊರಳಿದ್ದ. ಅವನ ಮುಖ ರಸ್ತೆಯ ಕಡೆಗಿರಲಿಲ್ಲ. ಕಾರಿನ ಸದ್ದು ನಿಂತದ್ದರಿಂದ ಮಾತ್ರೆ ಮೇಡಂ ಅವರ ಸರದಿ ಮುಗಿಯಿತೆಂದು ಅಕ್ಕ ತಿಳಿದರು. ತಮ್ಮ ಜಾಗದಿಂದ, ಅಂದರೆ ಟೈರು ಪೇರಿಸಿದ ಗೋಡೆಯ ಹಿಂದಿನಿಂದ ಎದ್ದು, ಅವನನ್ನು ಸರಿಮಾಡಲು ದಿಬ್ಬದ ಮುಂದಕ್ಕೆ ಬಂದರು. ಅಪಾಯವಿದ್ದರೆ ಬಾವುಟ ಬೀಸಿ ಕಾರು ತಡೆಯುವ ಬಾವುಟದವನಿಗೆ ಕೈ ತೋರಿಸದೆ ಯಾರೂ ಟೈರಿನ ಗೋಡೆ ದಾಟಬಾರದೆಂಬ ನಿಯಮವಿತ್ತು. ಅಕ್ಕ ತೋರಿಸಲಿಲ್ಲ. ಬಾವುಟದವನೂ ಆ ಕಡೆ ನೋಡುತ್ತಿರಲಿಲ್ಲ.

ನಾವು ಮತ್ತೆ ಹೊರಟೆವು. ನೇರ ದಾರಿಯಲ್ಲಿ ಎಂಬತ್ತರ ಹತ್ತಿರ ಬಂತು. ಕೆಂಪು ಎಂದರು. ಬ್ರೇಕು ಹಿಡಿದರು, ಒಂದು ಕಾರಿನುದ್ದ ತಡವಾಗಿ. ಅಷ್ಟು ತಡ ಬೆಳಗ್ಗೆಯೂ ಒಮ್ಮೆ ಆಗಿತ್ತು, ತೊಂದರೆಯಾಗಿರಲಿಲ್ಲ. ಮುಂದಿನ ಬಣ್ಣದ ಹೆಸರು ಅವರ ಬಾಯಿಂದ ಬರಲಿಲ್ಲ. ನಾನು ಅವರ ಮುಖ ನೋಡಿದೆ. ಗಲ್ಲ ನೆಟ್ಟಗಿತ್ತು, ಬಲಕ್ಕೆ ತಿರುಗಿರಲಿಲ್ಲ. ಅವರು ಏನು ನೋಡುತ್ತಿದ್ದಾರೆಂದು ನಾನೂ ಅತ್ತ ನೋಡಿದೆ. ದಿಬ್ಬದ ಮೇಲೆ ಬಿಳಿ ಮುಖ ನಿಧಾನವಾಗಿ ನಮ್ಮ ಕಡೆಗೆ ತಿರುಗುತ್ತಿತ್ತು. ಅಕ್ಕ ದಿಬ್ಬದ ಬುಡದಲ್ಲಿ ನಿಂತು, ಕೈ ಮೇಲೆ ಚಾಚಿ ಅದನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

'ಬಲಕ್ಕೆ, ಬಿಳಿ ನೋಡಿ' ಎಂದೆ. ಹಾಗೆಂದಾಗ ನನ್ನ ಕಣ್ಣೂ ಮಡಕೆಯ ಮೇಲೇ ಇತ್ತು. ನನ್ನ ಶಾಲೆಯ ಕಾರಿನಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ. ಇದು ಅವರ ಕಾರು. ನಾನು ಬರಿಯ ನೆಲವನ್ನು ತುಳಿಯುತ್ತಿದ್ದೆ. ಕೈ ಚಾಚಿ ಸ್ಟೀರಿಂಗ್ ಎಳೆಯಬಹುದಿತ್ತು. ಎಳೆಯಲಿಲ್ಲ.

ದಿಬ್ಬಕ್ಕೆ ಗುದ್ದುವಾಗ ವೇಗ ಹೆಚ್ಚೇನೂ ಇರಲಿಲ್ಲ. ನಮ್ಮಿಬ್ಬರಿಗೆ ತರಚು ಗಾಯವೂ ಆಗಲಿಲ್ಲ. ಅಕ್ಕನ ಎಡಗಾಲು ಕಾರಿಗೂ ದಿಬ್ಬಕ್ಕೂ ನಡುವೆ ಸಿಕ್ಕಿತ್ತು. ಅವರು ಕಿರುಚಲಿಲ್ಲ. ಬಾನೆಟ್ಟಿನ ಮೇಲೆ ಕೈ ಊರಿಕೊಂಡು ನಿಂತೇ ಇದ್ದರು. ನಾವು ಕಾರನ್ನು ಹಿಂದಕ್ಕೆ ತಳ್ಳಿದಾಗ ಬಿದ್ದರು. ಮಾತ್ರೆ ಮೇಡಂ ಮಂಡಿಯೂರಿ ಕುಳಿತು ತಮ್ಮ ದುಪಟ್ಟಾದಿಂದ ತೊಡೆಗೆ ಬಿಗಿಯಾಗಿ ಕಟ್ಟು ಹಾಕಿದರು. ಆ ಕಟ್ಟಿನಿಂದಲೇ ಜೀವ ಉಳಿಯಿತೆಂದು ಆಮೇಲೆ ಮೈಸೂರಿನ ಆಸ್ಪತ್ರೆಯವರು ಹೇಳಿದರು. ಕಾಲು ಉಳಿಯಲಿಲ್ಲ. ಮಂಡಿಯ ಕೆಳಗೆ ತೆಗೆದರು.

ಆಂಬುಲೆನ್ಸ್ ಹೋದ ಮೇಲೆ ನಾನು ದಿಬ್ಬದ ಹತ್ತಿರ ಒಬ್ಬನೇ ಉಳಿದೆ. ಮಡಕೆ ಒಡೆದು ಚೂರುಗಳು ಹುಲ್ಲಿನಲ್ಲಿ ಬಿದ್ದಿದ್ದವು. ಆಯ್ದೆ. ಅಂಗಿಯಲ್ಲಿ ಸುತ್ತಿದೆ. ಗೂಟ ಕಿತ್ತೆ. ಎಲ್ಲವನ್ನೂ ಒಯ್ದು ಬೇಲಿಯಾಚೆಯ ಲಂಟಾನದ ಪೊದೆಗೆ ಎಸೆದೆ. ಬಚ್ಚಿಡಬೇಕೆಂದು ಯೋಚಿಸಿ ಮಾಡಿದೆನೆಂದು ಹೇಳಲಾರೆ. ಯೋಚಿಸದೆ ಮಾಡಿದೆನೆಂದೂ ಹೇಳಲಾರೆ. ಗೂಟದ ಗುಂಡಿಗೆ ಕಾಲಿನಿಂದ ಮಣ್ಣು ತುಂಬಿದ್ದು ಚೆನ್ನಾಗಿ ನೆನಪಿದೆ.

ಸಂಜೆ ಮೇಷ್ಟ್ರು ಮದುವೆಯ ಬಟ್ಟೆಯಲ್ಲೇ ಓಡಿಬಂದರು. ಟೈರಿನ ಗುರುತು ಹಿಡಿದು ಹೆಜ್ಜೆ ಹಾಕಿ ಅಳೆದರು.

'ಬ್ರೇಕ್ ತೀರಾ ತಡವಾಗಿಲ್ಲ. ತಿರುಗಿಸೇ ಇಲ್ಲ. ನೋಟ ಏನಕ್ಕೋ ಸಿಕ್ಕಿಹಾಕಿಕೊಂಡಿದೆ. ಏನಿತ್ತು ಇಲ್ಲಿ?'

'ಏನೂ ಇರಲಿಲ್ಲ.'

'ಬೆಳಗ್ಗೆಗೂ ಮಧ್ಯಾಹ್ನಕ್ಕೂ ಏನಾದರೂ ಬದಲಾಗಿತ್ತಾ?'

'ಹಳದಿ ತೆಗೆಸಿದ್ದೆ. ಅಷ್ಟೇ.'

ಪಿರಿಯಾಪಟ್ಟಣದ ಠಾಣೆಯಲ್ಲಿ ಪ್ರಕರಣವಾಯಿತು. ಅಜಾಗರೂಕ ಚಾಲನೆ ಎಂದು ಬರೆದುಕೊಂಡರು. ಮಾತ್ರೆ ಮೇಡಂ ಒಂದನ್ನೂ ಅಲ್ಲಗಳೆಯಲಿಲ್ಲ. 'ತಿರುಗಿಸ್ಬೇಕಿತ್ತು, ತಿರುಗಿಸ್ಲಿಲ್ಲ. ಯಾಕೆ ಅಂತ ಗೊತ್ತಿಲ್ಲ' ಎಂದರು. ಬೆರ್ಚಪ್ಪನ ಮಾತನ್ನು ಅವರು ಎತ್ತಲಿಲ್ಲ, ಅಲ್ಲಿದ್ದ ಬೇರೆ ಯಾರೂ ಎತ್ತಲಿಲ್ಲ. ಬೆಳಗ್ಗೆಯಿಂದ ಕಂಡದ್ದು, ಹೊಲದಲ್ಲಿ ಎಲ್ಲೆಲ್ಲೂ ಇರುವಂಥದ್ದು. ಅದು ಅಲ್ಲಿ ಇರಬಾರದ ವಸ್ತುವೆಂದು ಅವರಿಗೆ ಹೇಗೆ ತಿಳಿಯಬೇಕು? ತಿಳಿದಿದ್ದವನು ಪಕ್ಕದ ಬೆಂಚಿನ ಮೇಲೆ ಕುಳಿತು ತನ್ನ ಹೇಳಿಕೆಗೆ ಸಹಿ ಹಾಕುತ್ತಿದ್ದ.

ಎರಡು ತಿಂಗಳಾದ ಮೇಲೆ ಬಸ್ಸು ಹತ್ತಿ ಕೆ.ಆರ್. ನಗರಕ್ಕೆ ಹೋದೆ. ಹೇಳಲೆಂದೇ ಹೋದದ್ದು. ಅಂಗಡಿಯಲ್ಲಿ ಜನವಿತ್ತು. ಮಾತ್ರೆ ಮೇಡಂ ಹೊಸದಾಗಿ ಕನ್ನಡಕ ಹಾಕಿದ್ದರು. ಯಾಕೆಂದು ಕೇಳಿದೆ.

'ಕಣ್ಣು ಟೆಸ್ಟ್ ಮಾಡಿಸ್ದೆ ಸಾರ್. ಮೂರ್ ಕಡೆ. ಎಲ್ಲಾ ಸರಿಯಾಗಿದೆ ಅಂದ್ರು. ನಂಬಿಕೆ ಬರಲ್ಲ, ಹಾಕ್ಕೊಂಡಿದೀನಿ. ಪವರ್ ಇಲ್ಲ, ಬರೀ ಗಾಜು.'

'ಕಾರು?'

'ಮುಟ್ಟಿಲ್ಲ. ಅಮ್ಮನ್ನ ಬಸ್ಸಲ್ಲಿ ಕರ್ಕೊಂಡು ಹೋಗ್ತೀನಿ. ಬರ್ತಾ ವಾಂತಿ ಮಾಡ್ಕೊಳ್ತಾರೆ. ಏನ್ಮಾಡೋದು?'

ಪಕ್ಕದಲ್ಲಿ ನಿಂತಿದ್ದ ಗಿರಾಕಿಯೊಬ್ಬ ಅವರನ್ನೇ ನೋಡುತ್ತಿದ್ದ. ಅವರು ಒಳಕ್ಕೆ ಹೋದಾಗ ಜೊತೆಯವನಿಗೆ, 'ಇವ್ರೇ ಕಣ್ಲಾ, ಆ ಎಂಗ್ಸಿನ್ ಕಾಲ್ ತಗುದ್ರಲ್ಲ' ಎಂದ. ಸಣ್ಣ ದನಿಯಲ್ಲಲ್ಲ. ಒಳಗಿದ್ದವರಿಗೂ ಕೇಳಿರಬೇಕು. ನಾನು ತಲೆನೋವಿನ ಒಂದು ಪಟ್ಟಿ ಮಾತ್ರೆ ಕೊಂಡು ಹೊರಗೆ ಬಂದೆ. ಬಸ್ಸು ನಿಲ್ದಾಣದವರೆಗೂ ಅದನ್ನು ಕೈಯಲ್ಲೇ ಹಿಡಿದಿದ್ದೆ.

ಆಮೇಲೆ ಟೋಪಿ ಅಕ್ಕನ ಮನೆಗೆ ಹೋದೆ. ಮೊದಲು ಅವರಿಗೆ ಹೇಳಿ ನಂತರ ಠಾಣೆಗೆ ಹೋಗೋಣವೆಂದುಕೊಂಡಿದ್ದೆ. ಅವರು ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದರು. ಒಂದು ಕಾಲು ಸೀರೆಯ ನೆರಿಗೆಯ ನಡುವೆ ಮುಗಿದುಹೋಗಿತ್ತು.

'ಬನ್ನಿ ಸಾ. ನೋಡಿ, ಇನ್ಮೇಕೆ ಒಂದೇ ಚಪ್ಲಿ ಸಾಕು' ಎಂದರು. ನಾನು ನಗಲಿಲ್ಲ. 'ನಗಿ ಸಾ. ಅತ್ತು ಅತ್ತು ನಮ್ಮನೇರ್ಗೆಲ್ಲ ಸಾಕಾಗೈತೆ.'

ಬೆರ್ಚಪ್ಪನ ವಿಷಯ ಎತ್ತಿದೆ. ಅವರ ಕೈ ನಿಂತಿತು. ಒಳಗಡೆ ಸೊಸೆ ಇದ್ದಾಳೆಂದು ಕಣ್ಣಲ್ಲೇ ತೋರಿಸಿ ದನಿ ಇಳಿಸಿದರು.

'ಯಾರ್ಗಾರ ಯೋಳಿದ್ದೀರಾ?'

'ಇಲ್ಲ. ಹೇಳ್ಬೇಕು ಅಂತಿದ್ದೀನಿ.'

'ಬ್ಯಾಡಿ. ಮಡ್ಕೆ ನಂದು ಕಣ್ರೀ. ಸುಣ್ಣ ಬಳ್ದೋಳು ನಾನು. ನಮ್ ಜತೆ ಎಂಗಸ್ರೂ ಬಾಯ್ ಬುಟ್ಟಿಲ್ಲ. ಊರೋರ್ ಏನಂತಾರೆ ಗೊತ್ತಾ? ಇವ್ಳ್ ಮಡಗಿದ್ ಬೆರ್ಚಪ್ಪ ಇವ್ಳ್ ಕಾಲೇ ತಿಂತು, ಏನ್ ಪಾಪ ಮಾಡಿದ್ಲೋ ಅಂತಾರೆ. ಈಗ ಅಯ್ಯೋ ಪಾಪ ಅಂತಾವ್ರೆ. ಅದೂ ಓಯ್ತದೆ.'

'ಮಾತ್ರೆ ಮೇಡಂ ತಮ್ಮದೇ ತಪ್ಪು ಅಂದ್ಕೊಂಡಿದ್ದಾರೆ ಅಕ್ಕ.'

'ಅವ್ರ್ ಕಾರ್ ತಾನೇ ಬಂದ್ ಗುದ್ದಿದ್ದು? ಮಡ್ಕೆ ಬಂದು ಗುದ್ತಾ?' ಎಂದರು. ಮತ್ತೆ ಅವರೆಕಾಯಿಗೆ ಕೈ ಹಾಕಿ, 'ಓಗಿ ಸಾ. ಬ್ಯಾಡಿ' ಎಂದರು.

ಅವರು ಬೇಡವೆಂದದ್ದು ನನಗೆ ಆಸರೆಯಾಯಿತು. ಕಾಲು ಕಳೆದುಕೊಂಡವರ ಮಾತು ಮೀರಬಾರದೆಂದು ನನಗೆ ನಾನೇ ಹೇಳಿಕೊಂಡೆ. ಅದರ ನೆರಳಲ್ಲಿ ಇನ್ನೂ ನಾಲ್ಕು ತಿಂಗಳು ಕುಳಿತೆ. ಹುಣಸೂರಿನಲ್ಲಿ ಎಂದಿನಂತೆ ಕಲಿಸಲು ಹೋಗುತ್ತಿದ್ದೆ. ಮುಂದೆ ನೋಡಿ, ಮುಂದೆ ನೋಡಿ ಎಂದು ದಿನಕ್ಕೆ ನೂರು ಸಲ ಹೇಳುವ ಮಾತು ಬಾಯಲ್ಲಿ ಅಂಟತೊಡಗಿತು. ಒಬ್ಬ ವಿದ್ಯಾರ್ಥಿನಿ, 'ಸಾರ್, ನೀವು ಏನೂ ಹೇಳ್ತಾನೇ ಇಲ್ಲ' ಎಂದಳು. ಆ ವಾರ ಶಾಲೆ ಮುಚ್ಚಿದೆ.

ಅಷ್ಟರಲ್ಲಿ ಮೇಷ್ಟ್ರು ಫೋನ್ ಮಾಡಿದರು. ಮಾತ್ರೆ ಮೇಡಂಗೆ ನ್ಯಾಯಾಲಯದಿಂದ ಸಮನ್ಸ್ ಬಂದಿದೆಯಂತೆ. ವಕೀಲರು ವಾದಿಸೋಣವೆಂದರೂ ಕೇಳದೆ, ಮೊದಲ ದಿನವೇ ತಪ್ಪೊಪ್ಪಿಕೊಂಡುಬಿಡುತ್ತೇನೆ ಎಂದಿದ್ದಾರಂತೆ. 'ತಮ್ಮ ಕಣ್ಣೇ ಸರಿಯಿಲ್ಲ ಎನ್ನುತ್ತಿದ್ದಾರೆ. ನಾನು ಇಷ್ಟು ವರ್ಷ ಕಲಿಸಿದ್ದೇನೆ, ಕಾರಣವಿಲ್ಲದೆ ನೋಟ ಹೀಗೆ ಸಿಕ್ಕಿಕೊಳ್ಳುವುದನ್ನು ಕಂಡಿಲ್ಲ' ಎಂದರು ಮೇಷ್ಟ್ರು. ನಾನು ಫೋನಿನಲ್ಲೇ ಬೆರ್ಚಪ್ಪನ ವಿಷಯ ಹೇಳಿದೆ. ಅವರು ಬಯ್ಯಲಿಲ್ಲ. 'ನನಗೆ ಹೇಳಿದರೆ ಏನು ಬಂತು?' ಎಂದು ಇಟ್ಟುಬಿಟ್ಟರು.

ಹೊಸ ಹೇಳಿಕೆಯನ್ನು ಎರಡು ಹಾಳೆಯಲ್ಲಿ ಬರೆದೆ. ಮಡಕೆ ಯಾರು ತಂದರು, ಎಲ್ಲಿ ನಿಲ್ಲಿಸಬೇಕೆಂದು ಯಾರು ಹೇಳಿದರು, ಗೂಟ ಯಾರು ಹೊಡೆದರು, ಮುಖ ಯಾವ ಕಡೆಗಿತ್ತು, ಹಳದಿ ಟೋಪಿಯ ಜಾಗದಿಂದ ಎಷ್ಟು ಹೆಜ್ಜೆ, ಚೂರುಗಳನ್ನು ಎಲ್ಲಿಗೆ ಎಸೆದೆ. ಮಡಕೆ ಅಕ್ಕನದು ಎನ್ನುವ ಸಾಲನ್ನು ಒಮ್ಮೆ ಹೊಡೆದುಹಾಕಿದೆ. ಹೊಡೆದ ಗೆರೆ ಹಾಳೆಯ ಮೇಲೆ ಕಾಣುತ್ತಿತ್ತು. ಇಡೀ ಹಾಳೆಯನ್ನು ಮತ್ತೆ ಬರೆದು ಆ ಸಾಲನ್ನು ಸೇರಿಸಿದೆ.

ಮಧ್ಯಾಹ್ನ ಅಂಗಡಿ ಖಾಲಿಯಿದ್ದ ಹೊತ್ತಿನಲ್ಲಿ ಮಾತ್ರೆ ಮೇಡಂ ಕೈಗೆ ಕೊಟ್ಟೆ. ಗಲ್ಲಾದ ಹಿಂದೆ ನಿಂತೇ ಓದಿದರು. ಒಂದು ಸಲ ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಕನ್ನಡಕ ತೆಗೆದು ಕೌಂಟರಿನ ಮೇಲೆ ಇಟ್ಟರು.

'ಆರು ತಿಂಗಳು' ಎಂದರು.

'ಹೌದು.'

'ದಿನಾ ಕನ್ನಡಿ ಮುಂದೆ ನಿಂತು ಕಣ್ಣು ಆಡಿಸಿ ನೋಡ್ಕೊಳ್ತಿದ್ದೆ, ಎಲ್ಲಿ ಸಿಕ್ಕಿಕೊಳ್ಳುತ್ತೆ ಅಂತ. ಅಮ್ಮ ನೋಡಿ ಅಳ್ತಿದ್ರು, ಇವ್ಳಿಗೆ ತಲೆ ಕೆಟ್ಟಿದೆ ಅಂತ. ನೀವು ಇಲ್ಲಿಗೆ ಬಂದಿದ್ರಿ. ಇದೇ ಜಾಗದಲ್ಲಿ ನಿಂತಿದ್ರಿ. ಮಾತ್ರೆ ತಗೊಂಡ್ ಹೋದ್ರಿ.'

ಕ್ಷಮೆ ಕೇಳಿದೆ. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅಂಗಡಿಯ ಮುಂದೆ ಗಾಡಿಯೊಂದು ಹೋಗುವವರೆಗೂ ಬೀದಿ ನೋಡುತ್ತಿದ್ದರು. ಆಮೇಲೆ ಡ್ರಾಯರಿನಿಂದ ಪೆನ್ನು ತೆಗೆದು ಹಾಳೆಯ ಕೊನೆಯಲ್ಲಿ ಖಾಲಿ ಇದ್ದ ಕಡೆ ಬೆರಳಿಟ್ಟರು.

'ಇಲ್ಲಿ ನಾನೊಂದು ಬರೀತೀನಿ. ಯಾರಿಗೂ ಹೇಳಿಲ್ಲ, ಅಮ್ಮನಿಗೂ ಹೇಳಿಲ್ಲ. ಮೊದ್ಲು ಬೊಂಬೆ ನೋಡಿದ್ದು ನಿಜ. ಆಮೇಲೆ ಅಕ್ಕನ್ನೂ ನೋಡ್ದೆ. ಅವರು ಅಂತ ಗೊತ್ತಾಯ್ತು. ಗೊತ್ತಾದ ತಕ್ಷಣ ಕಣ್ಣು ಮುಚ್ಕೊಂಡ್‌ಬಿಟ್ಟೆ. ತೆಗೆದಿದ್ದಿದ್ರೆ ಸ್ವಲ್ಪ ತಿರುಗಿಸಬಹುದಿತ್ತೋ ಏನೋ.'

'ಅಷ್ಟರೊಳಗೆ ಯಾರಿಂದಲೂ ಆಗ್ತಿರಲಿಲ್ಲ' ಎಂದೆ.

'ನೀವು ಹೇಳ್ಬೇಡಿ' ಎಂದರು. 'ನೀವು ಏನು ನೋಡಿದ್ರೋ ಅದನ್ನ ಬರ್ದಿದೀರಿ. ಇದು ನಂದು.' ಮೂರು ಸಾಲು ಬರೆದು ಸಹಿ ಹಾಕಿದರು.

ಮಾರನೆಯ ಬೆಳಗ್ಗೆ ಇಬ್ಬರೂ ಪಿರಿಯಾಪಟ್ಟಣಕ್ಕೆ ಬಸ್ಸಿನಲ್ಲಿ ಹೋದೆವು. ಬೇರೆ ಬೇರೆ ಸೀಟಿನಲ್ಲಿ ಕುಳಿತಿದ್ದೆವು. ಠಾಣೆಯಲ್ಲಿ ಬರವಣಿಗೆ ಕೆಲಸದ ಪೊಲೀಸರು ಓದಿ, 'ಬೆರ್ಚಪ್ಪಾನಾ? ಏನ್ರೀ ಇದು, ಅವನ್ಗೂ ಸಮನ್ಸ್ ಕೊಡ್ಬೇಕಾ?' ಎಂದು ನಕ್ಕರು. ನಾವಿಬ್ಬರೂ ನಗದಿದ್ದುದನ್ನು ನೋಡಿ ಮತ್ತೆ ಓದಿದರು. ಒಳಗೆ ಹೋಗಿ ಸಾಹೇಬರನ್ನು ಕರೆತಂದರು. ಪ್ರಕರಣದಲ್ಲಿ ಈಗ ಮಾತ್ರೆ ಮೇಡಂ ಹೆಸರಿನ ಕೆಳಗೆ ನನ್ನ ಹೆಸರೂ ಇದೆ. ಅವರ ಹೆಸರು ಹೋಗಿಲ್ಲ. ಹೋಗಬಹುದು, ಹೋಗದೆಯೂ ಇರಬಹುದು ಎನ್ನುತ್ತಾರೆ ವಕೀಲರು. ಮಾತ್ರೆ ಮೇಡಂ ತಪ್ಪೊಪ್ಪಿಕೊಳ್ಳುವ ಮಾತು ಬಿಟ್ಟಿದ್ದಾರೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ಅದು ತಪ್ಪೋ ಅಲ್ಲವೋ ನ್ಯಾಯಾಲಯವೇ ಹೇಳಲಿ ಎಂದಿದ್ದಾರೆ.

ಊರಿನವರ ಬಾಯಿಂದ ಕೇಳುವ ಮೊದಲು ಅಕ್ಕನಿಗೆ ನಾವೇ ಹೇಳಬೇಕೆಂದು ಠಾಣೆಯಿಂದ ಆಟೋ ಹಿಡಿದು ನೇರ ಅವರ ಮನೆಗೆ ಹೋದೆವು. ಅಕ್ಕ ಕಂಕುಳಲ್ಲಿ ಊರುಗೋಲು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅಪಘಾತದ ನಂತರ ಅವರಿಬ್ಬರು ಎದುರುಬದುರಾದದ್ದು ಅದೇ ಮೊದಲು. ನಾನು ಮಡಕೆ ನಿಮ್ಮದೆಂದು ಹೇಳಿಬಂದೆ ಎಂದೆ. ಅಕ್ಕ ನನ್ನ ಕಡೆ ನೋಡಲಿಲ್ಲ.

'ಯೋಳ್ಬ್ಯಾಡಿ ಅಂದಿದ್ದೆ' ಎಂದಷ್ಟೇ ಅಂದರು.

ಸೊಸೆ ಒಳಗಿನಿಂದ ಬಂದು ನಿಂತಳು. ಮಾತ್ರೆ ಮೇಡಂ ತಾವು ಬರೆದ ಮೂರು ಸಾಲನ್ನು ಬಾಯಲ್ಲಿ ಹೇಳಿದರು. ಒಂದೊಂದೇ ಮಾತು, ತಡೆದು ತಡೆದು. ಅಕ್ಕ ಪೂರ್ತಿ ಕೇಳಿದರು.

'ಕಣ್ ಮುಚ್ಕಂಡ್ರಾ?'

'ಮುಚ್ಕೊಂಡೆ ಅಕ್ಕ.'

'ನಾನು ಮುಚ್ಲಿಲ್ಲ ಕಣವ್ವ. ಸದ್ದಿಗೆ ತಿರುಗಿ ನಿನ್ ಮೊಕಾನೇ ನೋಡ್ತಿದ್ದೆ. ಇವ್ಳು ತಿರುಗುಸ್ತಾಳೆ, ಇವ್ಳು ಯಾವತ್ತೂ ಟೋಪಿ ಬೀಳ್ಸಿಲ್ಲ ಅಂದ್ಕಂಡು ನಿಂತೇ ಇದ್ದೆ. ಓಡ್ಬೇಕಾಗಿತ್ತು.'

ಮಾತ್ರೆ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು. ಅಕ್ಕ ಊರುಗೋಲನ್ನು ಗೋಡೆಗೆ ಒರಗಿಸಿ, ಒಂದು ಕೈಯಿಂದ ಕಂಬ ಹಿಡಿದು, ನಿಧಾನವಾಗಿ ಜಗಲಿಯ ಮೇಲೆ ಕುಳಿತರು. ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸಿದರು. ಮಾತ್ರೆ ಮೇಡಂ ಹೋಗಿ ಕುಳಿತರು. ನನಗೆ ಕೂರಲು ಯಾರೂ ಹೇಳಲಿಲ್ಲ. ಆಟೋದವನು ಎರಡು ಸಲ ಹಾರನ್ ಮಾಡಿದ. ಮೂರನೆಯ ಸಲ ಮಾಡಿದಾಗ ನಾನೊಬ್ಬನೇ ಹೋಗಿ ಹತ್ತಿದೆ.